ಅಂಡಮಾನ್ ಪ್ರವಾಸ: ರಾತ್ರಿಭೋಜನ ತ್ಯಾಗವಿದ್ದವರು ಗಮನಿಸಬೇಕಾದ್ದು

ಚಾತುರ್ಮಾಸ ಮುಗಿದ ಮೇಲೆ ಡಿಸೆಂಬರ್ ರಜೆಗೆ ಕುಟುಂಬ ಸಮೇತ ಅಂಡಮಾನ್‌ಗೆ ಹೊರಡುವ ಯೋಚನೆಯಿದೆಯೇ? ಮನೆಯಲ್ಲಿ ರಾತ್ರಿಭೋಜನ ತ್ಯಾಗದ ನಿಯಮವಿದ್ದರೆ ಟಿಕೆಟ್‌ಗೆ ಮೊದಲೇ ಒಂದು ವಿಷಯ ತಿಳಿದಿರಲಿ: ಅಲ್ಲಿ ಸೂರ್ಯ ನಮಗಿಂತ ಸುಮಾರು ಒಂದು ಗಂಟೆ ಮೊದಲೇ ಮುಳುಗುತ್ತಾನೆ.

ಅಂಡಮಾನ್ ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕಿದೆ. ಗಡಿಯಾರ ಮಾತ್ರ ಒಂದೇ. ಡಿಸೆಂಬರ್‌ನಲ್ಲಿ ಬೆಂಗಳೂರಿನ ಸೂರ್ಯಾಸ್ತ 6 ಗಂಟೆಯ ಆಸುಪಾಸು. ಪೋರ್ಟ್ ಬ್ಲೇರ್‌ನಲ್ಲಿ (ಈಗಿನ ಶ್ರೀ ವಿಜಯಪುರಂ) 5ರ ಆಸುಪಾಸು. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಸುವವರಿಗೆ 4 ಗಂಟೆಯೇ ಕೊನೆಯ ಹೊತ್ತು.

ಮಧ್ಯಾಹ್ನದ ಹಡಗಿನಲ್ಲಿ ಸ್ವರಾಜ್ ದ್ವೀಪಕ್ಕೆ (ಹ್ಯಾವ್‌ಲಾಕ್) ಹೊರಟರೆ ಹೋಟೆಲ್ ಸೇರುವಷ್ಟರಲ್ಲಿ ಹೊತ್ತು ಮೀರಿ, ಮನೆಯ ಹಿರಿಯರು ಉಪವಾಸ ಮಲಗಬೇಕಾದೀತು. ಬೆಳಗಿನ ಹಡಗೇ ಒಳ್ಳೆಯದು. ರಾಧಾನಗರ ಕಡಲತೀರದ ಸೂರ್ಯಾಸ್ತ ನೋಡಲು ಊಟ ಮುಗಿಸಿಯೇ ಹೋಗಿ.

ಹೋಟೆಲಿನವರಿಗೆ ‘ಸಸ್ಯಾಹಾರ’ ಎಂದಷ್ಟೇ ಹೇಳಿದರೆ ಸಾಲದು. ಆಲೂಗಡ್ಡೆ, ಈರುಳ್ಳಿ, ಬೆಳ್ಳುಳ್ಳಿ, ಕ್ಯಾರೆಟ್ ಬೇಡವೆಂದು ಹೆಸರು ಹಿಡಿದೇ ಹೇಳಿ. ಮೀನು, ಮೊಟ್ಟೆ ತಾಗದ ಬೇರೆ ಪಾತ್ರೆ ಬೇಕೆಂದೂ 3:30ಕ್ಕೆ ಊಟ ಬೇಕೆಂದೂ ರೂಮು ಕಾದಿರಿಸುವಾಗಲೇ ತಿಳಿಸಿ. ಅವಲಕ್ಕಿ, ಖಾಕ್ರಾ, ನೀರು ಸೋಸುವ ಬಟ್ಟೆ ಜೊತೆಗಿರಲಿ. ಎಳನೀರು, ಬಾಳೆಹಣ್ಣು ಅಲ್ಲೇ ಸಿಗುತ್ತವೆ.

ಕೊನೆಯದಾಗಿ, ದಡದ ಚಿಪ್ಪುಗಳನ್ನು ಆರಿಸದಂತೆ ಮಕ್ಕಳಿಗೆ ತಿಳಿಹೇಳಿ. ಖಾಲಿಯಾಗಿ ಕಂಡ ಚಿಪ್ಪಿನೊಳಗೆ ಪುಟ್ಟ ಏಡಿಯೊಂದು ಮನೆ ಮಾಡಿರಬಹುದು. ಹವಳ ತರುವುದಂತೂ ಕಾನೂನಿನ ಪ್ರಕಾರವೂ ಅಪರಾಧ.