ಶರಾವತಿಯ ನೆರೆಯಲ್ಲಿ ಕರೆಂಟಿನ ಕೊರತೆ

ಸೊರಬದ ಪಕ್ಕದ ಸಾಗರ ತಾಲ್ಲೂಕಿನಲ್ಲೇ 1035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರವಿದೆ. ಆದರೂ ಮಳೆಗಾಲದಲ್ಲಿ ಕರೆಂಟು ಕೈಕೊಡುವುದು ಮಲೆನಾಡಿಗೆ ಹೊಸದಲ್ಲ. ಕೊರತೆ ಇರುವುದು ಉತ್ಪಾದನೆಯಲ್ಲಲ್ಲ, ಸಬ್‌ಸ್ಟೇಷನ್ನಿನಿಂದ ಅಕ್ಕಿ ಗಿರಣಿಯವರೆಗಿನ 11 ಕೆವಿ ಲೈನಿನಲ್ಲಿ. ಮರಗಳ ನಡುವೆ ಹಾದುಹೋಗುವ ಬರಿ ತಂತಿಗೆ ಒಂದು ಕೊಂಬೆ ತಾಗಿದರೆ ಸಾಕು, ಸಬ್‌ಸ್ಟೇಷನ್ನಿನ ಬ್ರೇಕರ್ ಬಿದ್ದು ಇಡೀ ಫೀಡರ್ ಸ್ತಬ್ಧವಾಗುತ್ತದೆ. ಲೈನ್‌ಮ್ಯಾನ್ ಸುರಿವ ಮಳೆಯಲ್ಲಿ ಲೈನಿನುದ್ದಕ್ಕೂ ದೋಷ ಹುಡುಕಬೇಕು. ಕರೆಂಟಿದ್ದಾಗಲೂ ಲೈನಿನ ತುದಿಯಲ್ಲಿ ವೋಲ್ಟೇಜ್ ಕುಸಿಯುತ್ತದೆ. ಇಂಡಕ್ಷನ್ ಮೋಟರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣವಾದದ್ದು: ವೋಲ್ಟೇಜ್ ಶೇ 10 ಇಳಿದರೆ ಬಲ ಶೇ 19 ಇಳಿಯುತ್ತದೆ. ಅಕ್ಕಿ ಗಿರಣಿಯ ಮೋಟರು ಆಗ ಭಾರ ಎಳೆಯಲಾಗದೆ ಹೆಚ್ಚು ಕರೆಂಟು ಹೀರಿ, ಕಾದು, ಕೊನೆಗೆ ವೈಂಡಿಂಗ್ ಸುಟ್ಟುಕೊಳ್ಳುತ್ತದೆ.

2003ರ ವಿದ್ಯುತ್ ಕಾಯ್ದೆ ಖಾಸಗಿ ಬಂಡವಾಳಕ್ಕೆ ಬಾಗಿಲು ತೆರೆಯಿತು. ಹಣ ಹರಿದದ್ದು ಹೆಚ್ಚಾಗಿ ಉತ್ಪಾದನೆಯತ್ತ. 2022ರ ನಿಯಮದಂತೆ 100 ಕಿಲೋವಾಟ್ ಬೇಡಿಕೆಯ ಉದ್ಯಮವೂ ದೂರದ ಸೌರ ಘಟಕದಿಂದ ನೇರವಾಗಿ ವಿದ್ಯುತ್ ಕೊಳ್ಳಬಹುದು. ಬಿಲ್ಲು ಇಳಿದೀತು, ಆದರೆ ಆ ವಿದ್ಯುತ್ತೂ ಬರಬೇಕಾದದ್ದು ಅದೇ ತಂತಿಯಲ್ಲಿ. ಚಾವಣಿಯ ಸೌರಫಲಕವೂ ಬ್ಯಾಟರಿ ಇಲ್ಲದಿದ್ದರೆ ಲೈನ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಲೈನ್‌ಮ್ಯಾನ್ ಸುರಕ್ಷತೆಗೆಂದೇ ಹಾಗೆ ಮಾಡಲಾಗಿದೆ. ಆದ್ದರಿಂದ ಶಿಕಾರಿಪುರ, ಸೊರಬಗಳಿಗೆ ಬೇಕಿರುವ ಖಾಸಗಿ ಹಣ ಹೊದಿಕೆಯ ತಂತಿಗೆ, ಕೆಟ್ಟ ಭಾಗವನ್ನಷ್ಟೇ ಬೇರ್ಪಡಿಸುವ ಸ್ವಿಚ್ಚುಗಳಿಗೆ, ಲೈನಿನ ತುದಿಯ ಬ್ಯಾಟರಿಗೆ. ಹೂಡಿದವರಿಗೆ ಪಾವತಿ ಯೂನಿಟ್ ಲೆಕ್ಕದಲ್ಲಿರದೆ, ಸರಿಯಾದ ವೋಲ್ಟೇಜಿನಲ್ಲಿ ಪೂರೈಸಿದ ಗಂಟೆಗಳ ಲೆಕ್ಕದಲ್ಲಿರಬೇಕು.

ಉಚಿತ ವಿದ್ಯುತ್ತಿನ ಪಂಪ್‌ಸೆಟ್‌ಗಳ ಊರಿಗೆ ಬಂಡವಾಳ ಹಾಕುವವರು ಯಾರು ಎಂಬ ಪ್ರಶ್ನೆ ನ್ಯಾಯವಾದದ್ದೇ. 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗೆ ಉಚಿತ ವಿದ್ಯುತ್ ಎಂದವರಲ್ಲಿ ಮಾಜಿ ಮುಖ್ಯಮಂತ್ರಿಗಳಾದ ಸೊರಬದ ಬಂಗಾರಪ್ಪ, ಶಿಕಾರಿಪುರದ ಯಡಿಯೂರಪ್ಪ ಇಬ್ಬರೂ ಇದ್ದಾರೆ! ಆದರೆ ಉಚಿತವೆಂದರೆ ರೈತನಿಗೆ ಉಚಿತ. ಅದರ ಹಣವನ್ನು ವಿತರಣಾ ಕಂಪನಿ ಮೆಸ್ಕಾಂಗೆ ಸರ್ಕಾರ ಕೊಡಬೇಕು. ಅದು ಹೊತ್ತಿಗೆ ಸಂದರೆ ಹೂಡಿಕೆದಾರನಿಗೆ ಭಯವಿಲ್ಲ. ಖಾಸಗೀಕರಣದ ಭಯವೂ ಸುಳ್ಳಲ್ಲ: ದೆಹಲಿಯಲ್ಲಿ 2002ರ ಖಾಸಗೀಕರಣದ ನಂತರ ಸುಮಾರು ಅರ್ಧದಷ್ಟಿದ್ದ ವಿದ್ಯುತ್ ನಷ್ಟ ಶೇ 10ಕ್ಕಿಂತ ಕೆಳಗಿಳಿಯಿತು, ಆದರೆ ಒಡಿಶಾದಲ್ಲಿ ಅಮೆರಿಕದ ಎಇಎಸ್ ಕಂಪನಿ 1999ರ ಚಂಡಮಾರುತದ ಬಳಿಕ 2001ರಲ್ಲಿ ವಿತರಣೆಯನ್ನು ಕೈಬಿಟ್ಟು ಹೋಯಿತು. ಚದುರಿದ ಹಳ್ಳಿಗಳ ಸೊರಬ ದೆಹಲಿಗಿಂತ ಒಡಿಶಾಕ್ಕೇ ಹತ್ತಿರ. ಹಾಗಾಗಿ ಮೆಸ್ಕಾಂ ಮಾರುವುದು ಬೇಡ. ಫೀಡರ್ ಮಟ್ಟದ ಗುತ್ತಿಗೆ, ತಪ್ಪಿದರೆ ದಂಡ, ಅಷ್ಟು ಸಾಕು. ಮಳೆಗಾಲದಲ್ಲಿ ಬಿಸಿಲಿಲ್ಲವಲ್ಲ ಎಂದರೆ, ಬ್ಯಾಟರಿಗೆ ಬಿಸಿಲೇ ಬೇಕೆಂದಿಲ್ಲ, ರಾತ್ರಿ ಗ್ರಿಡ್ಡಿನಿಂದಲೂ ತುಂಬುತ್ತದೆ. ಕಂಬವೇ ಉರುಳಿದ ದಿನ ಮಾತ್ರ ಅದೂ ಕೆಲವು ಗಂಟೆಗಳಷ್ಟೇ.

ದರ ಪರಿಷ್ಕರಣೆಗೆ ಮುನ್ನ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಅಲ್ಲಿ ಯೂನಿಟ್ ದರದ ಜೊತೆಗೆ ತಮ್ಮ ಫೀಡರ್ ಎಷ್ಟು ಗಂಟೆ ನಿಂತಿತ್ತು ಎಂಬ ಲೆಕ್ಕವನ್ನೂ ಗಿರಣಿ ಮಾಲೀಕರು ಕೇಳಲಿ.