ನೆಲದ ಮೇಲಿನ ಕಸೂತಿಗೆ ಹುಳು ಬಿದ್ದ ಕಥೆ

ಸೀರೆಯ ಮೇಲೆ ಸೂಜಿ-ದಾರದಿಂದ ಕಸೂತಿ ತೆಗೆಯುವುದು ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಗೊತ್ತು. ಫ್ರಾನ್ಸ್ ದೇಶದವರು ಅದೇ ಕಸೂತಿಯನ್ನು ಗಿಡಗಳಿಂದ ನೆಲದ ಮೇಲೆ ತೆಗೆದರು. ಅರಮನೆಯ ಮುಂದಿನ ಸಮತಟ್ಟು ಜಾಗದಲ್ಲಿ ಗಿಡ್ಡ ಗಿಡಗಳನ್ನು ಬಳ್ಳಿ, ಸುರುಳಿಗಳ ಆಕಾರದಲ್ಲಿ ನೆಟ್ಟು, ನಡುವೆ ಇಟ್ಟಿಗೆ ಪುಡಿ, ಮರಳು ಹರಡುವರು. ಇದಕ್ಕೆ ಪಾರ್ಟೇರ್ ಎಂದು ಹೆಸರು. ಇದರ ಪೂರ್ಣ ಅಂದ ಕಾಣುವುದು ಮಾಳಿಗೆಯ ಕಿಟಕಿಯಿಂದಲೇ.

ಗಿಡದ ಹೆಸರು ಬಾಕ್ಸ್‌ವುಡ್. ಸಣ್ಣ ಎಲೆ, ವರ್ಷವಿಡೀ ಹಸಿರು, ನಿಧಾನ ಬೆಳವಣಿಗೆ, ಕತ್ತರಿಸಿದಷ್ಟೂ ದಟ್ಟವಾಗುತ್ತದೆ. ಇದರ ವಾಸನೆ ಮಾತ್ರ ಮೊದಲು ಶ್ರೀಮಂತರಿಗೆ ಸೇರುತ್ತಿರಲಿಲ್ಲವಂತೆ. ಆಗ ನೆಡುತ್ತಿದ್ದ ಸುವಾಸನೆಯ ಗಿಡಗಳೋ, ಬಿಸಿಲಿಗೆ, ಚಳಿಗೆ ಸತ್ತು ಮತ್ತೆ ಮತ್ತೆ ಹೊಸದಾಗಿ ಹಾಕಬೇಕಾಗುತ್ತಿತ್ತು. ನಾಲ್ಕನೆಯ ಹೆನ್ರಿ ದೊರೆಯ ತೋಟಗಾರ ಕ್ಲೋದ್ ಮೊಲೆ ಖರ್ಚು ಉಳಿಯಲೆಂದು ಬಾಕ್ಸ್‌ವುಡ್ ಹಿಡಿದ. ಲೆಕ್ಕ ಬಲ್ಲ ಮನುಷ್ಯ!

ಪ್ಯಾರಿಸ್ ಸಮೀಪದ ವೋ-ಲ-ವಿಕೋಂತ್ ಅರಮನೆಯ ತೋಟ ಇಂಥವುಗಳಲ್ಲಿ ಬಹು ಪ್ರಸಿದ್ಧ. ದೇಶದ ಹಣಕಾಸು ನೋಡುತ್ತಿದ್ದ ನಿಕೊಲಾ ಫೂಕೆಗಾಗಿ ಇದನ್ನು ರಚಿಸಿದವನು ಆಂದ್ರೆ ಲ ನೋತ್ರ್. 1661ರ ಆಗಸ್ಟ್ 17ರಂದು ಫೂಕೆ ಇಲ್ಲಿ ದೊರೆ 14ನೆಯ ಲೂಯಿಗೆ ಭಾರೀ ಔತಣ ಕೊಟ್ಟ. ಮೂರು ವಾರ ಕಳೆಯುವುದರೊಳಗೆ ಸರಕಾರಿ ಹಣ ನುಂಗಿದನೆಂಬ ಆರೋಪದ ಮೇಲೆ ಅವನ ಬಂಧನವಾಯಿತು. 1680ರಲ್ಲಿ ಸೆರೆಯಲ್ಲೇ ಸತ್ತ. ತೋಟಗಾರನನ್ನು ದೊರೆ ವರ್ಸೇಲ್ಸ್ ಕೆಲಸಕ್ಕೆ ಕರೆಸಿಕೊಂಡ.

ಮುಂದೆ ಹಾಳುಬಿದ್ದ ಈ ಅರಮನೆಯನ್ನು 1875ರಲ್ಲಿ ಲಿಲಾವಿನಲ್ಲಿ ಕೊಂಡು ಉಳಿಸಿದವನು ಒಬ್ಬ ಸಕ್ಕರೆ ಉದ್ಯಮಿ, ಆಲ್ಫ್ರೆಡ್ ಸೊಮಿಯೆ. ನಮ್ಮಂಥ ವ್ಯಾಪಾರಸ್ಥರು ಇದನ್ನು ಓದಿ ಸಂತೋಷಪಡಬಹುದು. ಅಳಿಸಿಹೋಗಿದ್ದ ಕಸೂತಿಯನ್ನು 1923ರಲ್ಲಿ ಅಶೀಲ್ ದ್ಯುಶೇನ್ ಮತ್ತೆ ಬಾಕ್ಸ್‌ವುಡ್‌ನಲ್ಲಿ ಮೂಡಿಸಿದ.

ಆದರೆ ಆ ಗಿಡಗಳೂ ಉಳಿಯಲಿಲ್ಲ. ಪೂರ್ವ ಏಷ್ಯಾದ ಒಂದು ಪತಂಗ ಮಾರಾಟದ ಸಸಿಗಳೊಡನೆ ಯುರೋಪಿಗೆ ಬಂತು. 2007ರಲ್ಲಿ ಜರ್ಮನಿಯಲ್ಲಿ ಕಂಡು, ಬೇಗನೆ ಫ್ರಾನ್ಸಿಗೂ ಹರಡಿತು. ಹೊಸ ಚೀಲದೊಡನೆ ಬಂದ ನುಸಿ ಹಳೆಯ ರಾಶಿಗೂ ಹತ್ತುವುದನ್ನು ಅಡತಿ ಅಂಗಡಿಯವರು ಬಲ್ಲರಷ್ಟೆ. ಇದರ ಹಸಿರು ಹುಳು ಎಲೆ ಮುಗಿಸಿ ತೊಗಟೆಗೂ ಬಾಯಿ ಹಾಕುತ್ತದೆ. ಜೊತೆಗೆ ಬೂಷ್ಟಿನ ರೋಗ ಬೇರೆ. ತೋಟವಿಡೀ ಒಂದೇ ಗಿಡವಾದ್ದರಿಂದ ಹುಳುವಿಗೆ ತಡೆಯೇ ಇರಲಿಲ್ಲ.

2019ರಲ್ಲಿ ವೋದ ಕಸೂತಿಯ ಬಾಕ್ಸ್‌ವುಡ್ ಕಿತ್ತುಹಾಕಿದರು. ಆ ಜಾಗದಲ್ಲಿ ಪಾತ್ರಿಕ್ ಹುರ್ಕಾದ್ ಎಂಬ ಕಲಾವಿದ ಹೊಳೆಯುವ ಅಲ್ಯುಮಿನಿಯಂ ಫಲಕಗಳನ್ನು ತಾತ್ಕಾಲಿಕವಾಗಿ ಜೋಡಿಸಿದ. ಚಿತ್ರ ನೋಡಿದೆ. ಆಕಾಶದ ಬಣ್ಣವೇನೋ ಅದರಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ನನಗೆ ಒಪ್ಪಿಗೆಯಾಗಲಿಲ್ಲ. ಬೇರೆ ಕೆಲವು ತೋಟಗಳಲ್ಲಿ ಬಾಕ್ಸ್‌ವುಡ್‌ನಂತೆಯೇ ಕಾಣುವ ಜಪಾನಿನ ಹಾಲಿ ಗಿಡವನ್ನು ನೆಟ್ಟು, ಕತ್ತರಿ ಆಡಿಸುತ್ತಿದ್ದಾರೆ.