ನಡೆಯುವ ಮನೆಯ ಚಿಲಕ

ಇಟ್ಟ ವಸ್ತು ಇಟ್ಟಲ್ಲೇ ಇರುತ್ತದೆ ಎಂಬ ನಂಬಿಕೆಯ ಮೇಲೆ ನಮ್ಮ ಸಂಸಾರಗಳೆಲ್ಲ ನಿಂತಿವೆ. ರಾತ್ರಿ ಗೂಡಿನಲ್ಲಿಟ್ಟ ಕನ್ನಡಕ ಬೆಳಗ್ಗೆ ಸಿಗದಿದ್ದರೆ ಮನೆಯವರ ಮೇಲೆ ಸಂಶಯಪಡುತ್ತೇವೆಯೇ ಹೊರತು ಗೂಡಿನ ಮೇಲಲ್ಲ. ಮನೆ ಅಲುಗಾಡುವುದಿಲ್ಲ ಎಂಬುದೇ ಈ ನಂಬಿಕೆಯ ಬುನಾದಿ. ಆ ಬುನಾದಿಗೇ ಚಕ್ರ ಕಟ್ಟಿದರೆ ಏನಾಗುತ್ತದೆಂಬುದನ್ನು 2023ರ ಜೂನ್ ತಿಂಗಳಲ್ಲಿ, ಅಮೆರಿಕದ ಕೊಲೊರಾಡೊ ರಾಜ್ಯದ ಬೆಟ್ಟದ ದಾರಿಯಲ್ಲಿ ನಾನು ಕಲಿತೆ. ಕಲಿಕೆಗೆ ತೆತ್ತ ಶುಲ್ಕ ಮಾತ್ರ ದೊಡ್ಡದು.

ನನ್ನ ಅಕ್ಕ, ಭಾವ ಡೆನ್ವರ್ ನಗರದಲ್ಲಿ ನೆಲೆಸಿ ಇಪ್ಪತ್ತು ವರ್ಷ ಮೀರಿದೆ. ಕಾಲೇಜಿನ ರಜೆಯಲ್ಲಿ ಅವರಲ್ಲಿಗೆ ಹೋಗಿದ್ದ ನನಗೆ ಯೂಟಾ ರಾಜ್ಯದ ಮೋಆಬ್ ಊರಿನ ಬಳಿಯ ಕೆಂಪು ಕಲ್ಲಿನ ಕಮಾನುಗಳನ್ನು ತೋರಿಸಬೇಕೆಂದು ಭಾವ ಒಂದು ವಾಹನವನ್ನು ಬಾಡಿಗೆಗೆ ತಂದರು. ಇಪ್ಪತ್ತೈದು ಅಡಿ ಉದ್ದದ ಆ ಬಂಡಿಯೊಳಗೆ ಒಲೆ, ನೀರಿನ ತೊಟ್ಟಿ, ಮಂಚ, ಕಪಾಟು, ಫ್ರಿಜ್ ಎಲ್ಲವೂ ಇದ್ದವು. ಅಲ್ಲಿಯವರು ಇದನ್ನು ಆರ್.ವಿ. ಎಂಬ ಎರಡಕ್ಷರದಲ್ಲಿ ಮುಗಿಸುತ್ತಾರೆ. ಕನ್ನಡ ಮೇಷ್ಟರ ಚಪಲ ಸುಮ್ಮನಿರಲಿಲ್ಲ. ನಾನು ಅದಕ್ಕೆ ‘ಮನೆಗಾಡಿ’ ಎಂದು ನಾಮಕರಣ ಮಾಡಿದೆ. ಕಾಲೇಜು ಓದುವ ಸೊಸೆ ಅದನ್ನು ಒಪ್ಪಿಕೊಂಡಳು. ‘ಫ್ರಿಜ್ಜಿಗೆ ಏನನ್ನುತ್ತೀರಿ, ಮಾಮ?’ ಎಂದಳು. ‘ತಂಗಳುಪೆಟ್ಟಿಗೆ’ ಎಂದೆ. ಅಕ್ಕನಿಗೆ ಅದು ಹಿಡಿಸಲಿಲ್ಲ.

ಹೊರಡುವ ಹಿಂದಿನ ದಿನವೆಲ್ಲ ಸಾಮಾನು ಜೋಡಿಸುವುದರಲ್ಲೇ ಕಳೆಯಿತು. ಭಾವನಿಗೆ ಇದು ಮೂರನೆಯ ಯಾತ್ರೆ. ಅವರ ಪಾಠ ಅನುಭವದಿಂದ ಬಂದದ್ದು. ಭಾರವಾದದ್ದು ಕೆಳಗೆ, ಹಗುರವಾದದ್ದು ಮೇಲೆ. ಅಕ್ಕಿ, ಬೇಳೆ, ಡಬ್ಬಿಯ ಆಹಾರ ನೆಲಮಟ್ಟದ ಕಪಾಟಿಗೆ. ಹಪ್ಪಳ, ಅವಲಕ್ಕಿ ತಲೆಯ ಮೇಲಿನ ಕಪಾಟಿಗೆ. ಹಿಂದಿನ ಚಕ್ರಗಳ ಅಚ್ಚಿನಿಂದಾಚೆ ಚಾಚಿಕೊಂಡಿರುವ ಬಾಲದ ಭಾಗ ಏತದ ತುದಿಯಂತೆ ಹೆಚ್ಚು ಕುಣಿಯುತ್ತದೆ. ಆದ್ದರಿಂದ ತಟ್ಟೆ ಬಟ್ಟಲುಗಳಿಗೆ ಅಲ್ಲಿ ಜಾಗವಿಲ್ಲ. ಪ್ರತಿ ತಟ್ಟೆಯ ನಡುವೆ ಒಂದು ಬಟ್ಟೆ. ಕಪಾಟಿನ ತಳಕ್ಕೆ ಜಾರದ ರಬ್ಬರಿನ ಹಾಸು. ಗಾಡಿ ನಿಂತ ಮೇಲೆ ಮೇಲಿನ ಕಪಾಟಿನ ಬಾಗಿಲನ್ನು ಒಂದು ಕೈಯಿಂದ ಮೆಲ್ಲನೆ ತೆರೆದು, ಇನ್ನೊಂದು ಕೈಯನ್ನು ಕೆಳಗೆ ಒಡ್ಡಿರಬೇಕು. ದಾರಿಯುದ್ದಕ್ಕೂ ಬಾಗಿಲಿಗೆ ಒರಗಿ ಬಂದ ಡಬ್ಬಿ ತೆರೆದವನ ತಲೆಯ ಮೇಲೆ ಬೀಳಲು ಕಾದಿರುತ್ತದೆ.

ಫ್ರಿಜ್ಜಿನ ಪಾಠ ಇನ್ನೂ ಸೂಕ್ಷ್ಮ. ನಮ್ಮ ಗಾಡಿಯ ಫ್ರಿಜ್ಜಿಗೆ ಯಂತ್ರದ ಗುಂಯ್‌ಗುಟ್ಟುವಿಕೆ ಇರಲಿಲ್ಲ. ಅನಿಲದ ಪುಟ್ಟ ಉರಿಯ ಶಾಖದಿಂದಲೇ ಅದು ತಂಪನ್ನು ಹುಟ್ಟಿಸುತ್ತಿತ್ತು. ಈ ವಿಚಿತ್ರ ಉಪಾಯವನ್ನು 1922ರಲ್ಲಿ ಕಂಡುಹಿಡಿದವರು ಸ್ವೀಡನ್ ದೇಶದ ಇಬ್ಬರು ವಿದ್ಯಾರ್ಥಿಗಳು, ಫಾನ್ ಪ್ಲಾಟೆನ್ ಮತ್ತು ಮುಂಟರ್ಸ್. ಒಳಗಿನ ಅಮೋನಿಯಾ ದ್ರಾವಣ ತನ್ನ ಭಾರದಿಂದಲೇ ಹರಿದು ಸುತ್ತಬೇಕಾದ್ದರಿಂದ ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಬೇಕು. ತಣ್ಣಗಾಗಲು ಅದಕ್ಕೆ ಹಲವು ಗಂಟೆ ಬೇಕು. ಹಿಂದಿನ ರಾತ್ರಿಯೇ ಹೊತ್ತಿಸಿ, ಮನೆಯಲ್ಲಿ ಮೊದಲೇ ತಂಪಾದ ಪದಾರ್ಥಗಳನ್ನು ತುಂಬಿದೆವು. ಗಾಳಿಯಾಡಲು ಎಡೆ ಬಿಡಬೇಕು. ಎಡೆ ಬಿಟ್ಟರೆ ವಸ್ತುಗಳು ಓಡಾಡುತ್ತವೆ. ಈ ಇಕ್ಕಟ್ಟಿಗೆ ಪರಿಹಾರ, ಒಳಗೆ ಸ್ಪ್ರಿಂಗ್ ಇರುವ ಅಡ್ಡಕೋಲು. ಅದನ್ನು ಒತ್ತಿ ಹಲಗೆಯ ಮುಂಭಾಗದಲ್ಲಿ ಎರಡು ಗೋಡೆಗಳ ನಡುವೆ ಸಿಕ್ಕಿಸಿದರೆ, ಹಾಲಿನ ಡಬ್ಬಿ ಬಾಗಿಲ ಮೇಲೆ ಬೀಳುವುದಿಲ್ಲ. ಎಲ್ಲಕ್ಕೂ ಮೇಲೆ, ಬಾಗಿಲ ನೆತ್ತಿಯಲ್ಲಿ ಒಂದು ಚಿಲಕ. ಚಲಿಸುವ ಗಾಡಿಯಲ್ಲಿ ಎಲ್ಲರೂ ಬೆಲ್ಟು ಬಿಗಿದು ಕುಳಿತಿರಬೇಕಾದ್ದರಿಂದ, ಹಾಕದೆ ಬಿಟ್ಟ ಚಿಲಕವನ್ನು ನಡುದಾರಿಯಲ್ಲಿ ಎದ್ದು ಹಾಕುವಂತಿಲ್ಲ. ಚಿಲಕಗಳ ಹೊಣೆ ನನ್ನ ಪಾಲಿಗೆ ಬಂತು. ‘ಹೊರಡುವ ಮುನ್ನ ಪ್ರತಿಸಲವೂ ಕೈಯಿಂದ ಮುಟ್ಟಿ ನೋಡಬೇಕು, ಕಣ್ಣನ್ನು ನಂಬಬಾರದು’ ಎಂದರು ಭಾವ.

ಗಾಜಿನ ಪಾತ್ರೆ ಒಂದೂ ಬೇಡವೆಂಬುದು ಅವರ ಇನ್ನೊಂದು ಕಟ್ಟಳೆ. ಅಕ್ಕ ಅದನ್ನು ಒಂದೇ ಒಂದು ಕಡೆ ಮೀರಿದಳು. 2022ರಲ್ಲಿ ನಮ್ಮ ತಾಯಿ ತೀರಿಕೊಂಡರು. ಅದಕ್ಕೆ ಹಿಂದಿನ ವರ್ಷ ಅವರು ಸಾಗರದ ಮನೆಯಲ್ಲಿ ಹಾಕಿದ ಅಪ್ಪೆಮಿಡಿಯ ಉಪ್ಪಿನಕಾಯಿಯನ್ನು ಅಕ್ಕ ಕೊಂಡೊಯ್ದಿದ್ದಳು. ಅದರಲ್ಲಿ ಏಳೆಂಟು ಮಿಡಿ ಒಂದು ಗಾಜಿನ ಭರಣಿಯ ತಳದಲ್ಲಿ ಉಳಿದಿದ್ದವು. ‘ನೀನು ಬಂದಾಗ ಇಬ್ಬರೂ ಕೂತು ಮುಗಿಸೋಣ ಅಂತ ಇಟ್ಟಿದ್ದೆ. ಅಮ್ಮನ ಉಪ್ಪಿನಕಾಯಿಯನ್ನು ಪ್ಲಾಸ್ಟಿಕ್ಕಿಗೆ ಸುರಿಯಲಾರೆ’ ಎಂದಳು. ಭಾವ ಸುಮ್ಮನಾದರು. ಭರಣಿಯನ್ನು ನಾನೇ ಫ್ರಿಜ್ಜಿನಲ್ಲಿ ಅಡ್ಡಕೋಲಿನ ಹಿಂದೆ ನಿಲ್ಲಿಸಿದೆ.

ಡೆನ್ವರಿನಿಂದ ಮೋಆಬಿಗೆ ಸುಮಾರು 350 ಮೈಲಿ. ದಾರಿ ಪಶ್ಚಿಮಕ್ಕೆ ಏರುತ್ತ, ಹನ್ನೊಂದು ಸಾವಿರ ಅಡಿಗೂ ಎತ್ತರದಲ್ಲಿ ಐಸೆನ್‌ಹೋವರ್ ಸುರಂಗವನ್ನು ಹೊಗುತ್ತದೆ. ಇದರ ಮೊದಲ ಕೊಳವೆ ತೆರೆದದ್ದು 1973ರಲ್ಲಿ. ಅಷ್ಟು ಮೇಲೆ ಗಾಳಿಯ ಒತ್ತಡ ಕಡಲ ಮಟ್ಟದ ಮೂರರಲ್ಲಿ ಎರಡು ಪಾಲಷ್ಟೇ. ಕಪಾಟಿನೊಳಗೆ ಚಿಪ್ಸ್ ಪೊಟ್ಟಣಗಳು ಉಬ್ಬಿ ಒಂದನ್ನೊಂದು ತಳ್ಳುವ ಕಿರುಗುಟ್ಟುವಿಕೆ ನಮಗೆ ಕೇಳಿಸುತ್ತಿತ್ತು. ಕಪಾಟನ್ನು ಕಿಕ್ಕಿರಿದು ತುಂಬಬಾರದೆಂದು ಭಾವ ಹೇಳಿದ್ದೇಕೆಂದು ಆಗ ತಿಳಿಯಿತು.

ಸುರಂಗ ದಾಟಿ ಇಳಿದರೆ ಡಿಲನ್ ಎಂಬ ಪುಟ್ಟ ಊರು. ಹಿಮದ ಶಿಖರಗಳ ನಡುವೆ ಒಂದು ಜಲಾಶಯ. ಅಲ್ಲಿ ಚಿತ್ರಾನ್ನ ತಿಂದೆವು. ಹೊರಡುವ ಹೊತ್ತಿಗೆ ಭಾವ ಮಜ್ಜಿಗೆ ಕೇಳಿದರು. ಅಡ್ಡಕೋಲು ತೆಗೆದು ಮೊಸರು ಹೊರತೆಗೆದವನು ನಾನು. ಮತ್ತೆ ಒಳಗಿಟ್ಟವನೂ ನಾನು. ಆದರೆ ಆ ನೀಲಿ ನೀರಿಗೆ ತಕ್ಕ ಉಪಮೆಯೊಂದು ಮನಸ್ಸಿನ ಅಂಚಿಗೆ ಬಂದು ತಪ್ಪಿಸಿಕೊಳ್ಳುತ್ತಿತ್ತು. ನನ್ನ ಗಮನವೆಲ್ಲ ಅದರ ಬೆನ್ನಟ್ಟಿತ್ತು. ‘ಚಿಲಕ ಎಲ್ಲ ಆಯಿತೇನೋ?’ ಎಂದು ಅಕ್ಕ ಕೂಗಿದಳು. ನಾನು ತಿರುಗಿ ಕೂಡ ನೋಡದೆ ‘ಆಯಿತು’ ಎಂದೆ.

ಮುಂದಿನದು ವೇಲ್ ಕಣಿವೆಯ ಏರು, ಅದರಾಚೆ ಕಡಿದಾದ ಇಳಿಜಾರು. ಬ್ರೇಕು ಸೋತ ಲಾರಿಗಳು ನುಗ್ಗಿ ನಿಲ್ಲಲೆಂದು ಪಕ್ಕದಲ್ಲಿ ಜಲ್ಲಿಯ ದಾರಿಗಳನ್ನೇ ಕಟ್ಟಿದ್ದಾರೆ. ಒಂದು ತಿರುವಿನಲ್ಲಿ ಗಾಡಿ ತಿರುಗಿತು. ಒಳಗಿದ್ದ ಭರಣಿ ನೇರವಾಗಿಯೇ ಹೋಯಿತು. ಬಾಗಿಲು ಬಡಿದ ಸದ್ದು, ಅದರ ಹಿಂದೆಯೇ ಗಾಜಿನ ಸದ್ದು. ಮರುಕ್ಷಣ ಗಾಡಿಯ ತುಂಬ ನಮ್ಮ ಸಾಗರದ ಅಡುಗೆಮನೆಯ ವಾಸನೆ.

ಅಲ್ಲಿ ಗಾಡಿ ನಿಲ್ಲಿಸುವಂತಿರಲಿಲ್ಲ, ನಾವು ಏಳುವಂತಿರಲಿಲ್ಲ. ಕೆಳಗಿನ ಊರು ತಲುಪುವವರೆಗೆ, ಉಪ್ಪಿನಕಾಯಿಯ ಕೆಂಪು ರಸ ಗಾಡಿ ಓಲಿದತ್ತ ಓಲುತ್ತ ನಮ್ಮ ಕಾಲಿನವರೆಗೆ ಬಂದು ಹಿಂದೆ ಸರಿಯುವುದನ್ನು ನೋಡುತ್ತ ಕುಳಿತೆವು. ಮಿಡಿಯೊಂದು ಮೇಜಿನ ಕಾಲಿಗೆ ತಗುಲಿ ನಿಂತಿತ್ತು. ಯಾರೂ ಮಾತನಾಡಲಿಲ್ಲ. ಕೆಳಗೆ ನಿಂತಾಗ ಸೊಸೆ ಮಿಡಿಗಳನ್ನು ಆರಿಸಲು ಹೋದಳು. ಅಕ್ಕ ತಡೆದಳು, ಗಾಜಿನ ಪುಡಿ ಎಲ್ಲದಕ್ಕೂ ಹತ್ತಿತ್ತು. ಎಲ್ಲವನ್ನೂ ಕಾಗದದಲ್ಲಿ ಸುತ್ತಿ ಕಸದ ತೊಟ್ಟಿಗೆ ಹಾಕಿದವಳು ಅವಳೇ. ಭಾವ ಚಿಲಕವನ್ನು ಅಲುಗಿಸಿ ನೋಡಿ, ‘ಹಳೆಯದು, ಸಡಿಲವಾಗಿರಬೇಕು’ ಎಂದರು. ಚಿಲಕ ಗಟ್ಟಿಯಾಗಿಯೇ ಇತ್ತು. ನಾನು ಸುಮ್ಮನಿದ್ದೆ. ಆ ಮೌನ ನನ್ನ ಎರಡನೆಯ ತಪ್ಪು.

ಆ ರಾತ್ರಿ ಮೋಆಬಿನ ಬಿಡಾರದಲ್ಲಿ ಮೊಸರನ್ನ ಬಡಿಸುವಾಗ ತಡೆಯಲಾಗಲಿಲ್ಲ. ‘ಅಕ್ಕ, ಚಿಲಕ ಹಾಕಿರಲಿಲ್ಲ. ನೋಡದೆಯೇ ಆಯಿತು ಎಂದುಬಿಟ್ಟೆ’ ಎಂದೆ. ಅವಳು ಸ್ವಲ್ಪ ಹೊತ್ತು ಅನ್ನ ಕಲಸುತ್ತಿದ್ದಳು. ‘ಗಾಜು ಬೇಡ ಅಂದಿದ್ದರು. ಕೇಳದವಳು ನಾನು’ ಎಂದಳು. ಮತ್ತೆ ಹೇಳಿದಳು: ‘ಅಮ್ಮ ಆಗಿದ್ದರೆ ಭರಣಿಗೆ ಸಿಂಬೆ ಇಡದೆ ಗಾಡಿ ಹತ್ತಿಸುತ್ತಿರಲಿಲ್ಲ.’

ಆ ಮಾತಿನಿಂದ ಎತ್ತಿನ ಗಾಡಿಯೊಂದು ಕಣ್ಣ ಮುಂದೆ ಬಂತು. ನಮ್ಮ ಬಾಲ್ಯದಲ್ಲಿ ಜಾತ್ರೆಗೆ ಹೊರಟಾಗ ಅಮ್ಮ ಗಾಡಿಯ ತಳಕ್ಕೆ ಹುಲ್ಲು ಹರಡಿ, ಪ್ರತಿ ಪಾತ್ರೆಯ ಕೆಳಗೆ ಹುಲ್ಲಿನ ಸಿಂಬೆ ಕೂರಿಸಿ, ಮೊಸರಿನ ಗಡಿಗೆಯನ್ನು ಮೇಲಿನ ಬಿದಿರಿಗೆ ನೆಲವಿನಲ್ಲಿ ತೂಗುಹಾಕುತ್ತಿದ್ದಳು. ಗಾಡಿ ಕುಲುಕಿದಂತೆ ನೆಲವು ತೂಗುತ್ತಿತ್ತು, ಗಡಿಗೆ ತುಳುಕುತ್ತಿರಲಿಲ್ಲ. ಮರುದಿನ ಮುಂಜಾನೆ ಟವಲುಗಳನ್ನು ಹುರಿಮಾಡಿ ನಾನು ಸಿಂಬೆಗಳನ್ನು ಸುತ್ತಿದೆ; ಹಾಲಿನ ಡಬ್ಬಿ, ಎಣ್ಣೆಯ ಶೀಸೆ ಅವುಗಳಲ್ಲಿ ಕುಳಿತವು. ಹಣ್ಣುಗಳನ್ನು ಜಾಲರಿಯ ಚೀಲದಲ್ಲಿ ಕಪಾಟಿನ ಕೆಳಗೆ ತೂಗುಹಾಕಿದೆವು. ಪಕ್ಕದ ಗಾಡಿಯಲ್ಲೂ ಹಾಗೆಯೇ ಒಂದು ಬಲೆ ಬಾಳೆಹಣ್ಣು ಹೊತ್ತು ತೂಗುತ್ತಿತ್ತು. ಅಮ್ಮನ ವಿದ್ಯೆಯನ್ನು ಅವರಿಗೆ ದಾರಿಯೇ ಕಲಿಸಿರಬೇಕು.

ಹಿಂದಿರುಗುವ ಪಯಣದಲ್ಲಿ ಪ್ರತಿ ಸಲ ಹೊರಡುವಾಗ ಅಕ್ಕ ಹೆಸರು ಕೂಗುತ್ತಿದ್ದಳು: ಫ್ರಿಜ್ಜು, ಮೇಲಿನ ಕಪಾಟು, ಕೆಳಗಿನದು, ಡ್ರಾಯರು. ನಾನು ಒಂದೊಂದನ್ನೂ ಕೈಯಿಂದ ಎಳೆದು ನೋಡಿ ಉತ್ತರ ಕೊಡುತ್ತಿದ್ದೆ. ಏನೂ ಚೆಲ್ಲಲಿಲ್ಲ. ಬಿಸಿಲು ಏರಿದಾಗಲೆಲ್ಲ ಕಾಲೊರಸಿನಿಂದ ಉಪ್ಪಿನಕಾಯಿಯ ವಾಸನೆ ಮಾತ್ರ ಏಳುತ್ತಿತ್ತು. ಗಾಡಿ ಒಪ್ಪಿಸುವ ಮುನ್ನ ಅದನ್ನು ತೊಳೆಯಬೇಕಾಯಿತು. ಅಕ್ಕ ಅದನ್ನು ಕೊನೆಯ ಕೆಲಸವಾಗಿ ಉಳಿಸಿಕೊಂಡಳು.

ನಾನು ಊರಿಗೆ ಬಂದಿದ್ದೇನೆ. ನಮ್ಮ ಮನೆಗೆ ಚಕ್ರಗಳಿಲ್ಲ. ಆದರೂ ಕಾಲೇಜಿಗೆ ಹೊರಡುವ ಮುನ್ನ ಫ್ರಿಜ್ಜಿನ ಬಾಗಿಲನ್ನು ಒಮ್ಮೆ ಅಂಗೈಯಿಂದ ಒತ್ತುತ್ತೇನೆ. ‘ಮನೆ ಎಲ್ಲಿಗೂ ಹೊರಟಿಲ್ಲವಲ್ಲ’ ಎಂದು ನನ್ನ ಹೆಂಡತಿ ನಗುತ್ತಾಳೆ. ಹೊರಟಿಲ್ಲ ಎಂದು ನಾನೂ ನಂಬಿದ್ದೇನೆ. ಆದರೆ ಈಗ ಯಾರಾದರೂ ‘ಆಯಿತೇ?’ ಎಂದು ಕೇಳಿದರೆ, ತಿರುಗಿ ನೋಡದೆ ಉತ್ತರ ಕೊಡಲು ನನ್ನಿಂದಾಗುವುದಿಲ್ಲ.